ಮೂರನೇ ಕರೆ

ರಂಗದ ಮೇಲೆ ಸತ್ತವರು ತಾವಾಗಿ ಏಳಬಾರದು. ಆ ನಾಟಕ ಮಂಡಳಿಯಲ್ಲಿ ಇದೊಂದು ಕಟ್ಟಳೆ. ಪರದೆ ಬಿದ್ದರೂ, ಚಪ್ಪಾಳೆ ಮುಗಿದರೂ, ಬೆನ್ನಡಿ ಇರುವೆ ಕಚ್ಚಿದರೂ ಸತ್ತವರು ಸತ್ತ ಹಾಗೆಯೇ ಮಲಗಿರಬೇಕು. ಜೊತೆಯವರೊಬ್ಬರು ಬಂದು ತಲೆಯ ಹತ್ತಿರ ಕೂತು ಹೆಸರು ಹಿಡಿದು ಮೂರು ಸಲ ಕರೆಯಬೇಕು. ಪಾತ್ರದ ಹೆಸರಲ್ಲ, ಹೊರಗಿನವರು ಕರೆಯುವ ಹೆಸರೂ ಅಲ್ಲ, ಹೆತ್ತವಳು ತೊಟ್ಟಿಲ ಬಳಿ ಬಗ್ಗಿ ಕರೆದ ಹೆಸರು. ಮೊದಲ ಕರೆಯನ್ನು ಪಾತ್ರ ಕೇಳಿಸಿಕೊಳ್ಳುತ್ತದೆ, ಎರಡನೆಯದಕ್ಕೆ ಪಾತ್ರ ಮೈ ಬಿಟ್ಟು ಹೋಗುತ್ತದೆ, ಮೂರನೆಯದಕ್ಕೆ ಮನುಷ್ಯ ಮರಳಿ ಬರುತ್ತಾನೆ ಎಂದು ಹಿಂದಿನವರು ಹೇಳಿದ್ದು. ಕರೆಯದಿದ್ದರೆ ಆಡಿದ ಸಾವು ಮೈಗೆ ಅಂಟಿಕೊಳ್ಳುತ್ತದೆಯಂತೆ. ಒಬ್ಬ ಹಾಸ್ಯಗಾರ ಇದನ್ನೆಲ್ಲ ನಕ್ಕು ತಳ್ಳಿ, ಕರೆಯುವ ಮೊದಲೇ ಎದ್ದು ಟೀ ಕುಡಿಯಲು ಹೋದನಂತೆ. ಆ ತಿಂಗಳೇ ಪರದೆ ಕಟ್ಟುವ ಏಣಿಯಿಂದ ಬಿದ್ದು ತೀರಿಹೋದನಂತೆ. ಏಣಿಯ ಮೆಟ್ಟಿಲು ಮುಂಚೆಯೇ ಮುರಿದಿತ್ತು ಎನ್ನುವವರೂ ಇದ್ದರು. ಆದರೆ ರಂಗದ ಮೇಲೆ ಸತ್ತಾಗ ಅವರೂ ಕರೆಯುವ ತನಕ ಏಳುತ್ತಿರಲಿಲ್ಲ.

ಕರೆಯುವ ಕೆಲಸ ಮುದುಕಮ್ಮನದು. ಅದು ಅವಳ ಹೆಸರಲ್ಲ. ಇಪ್ಪತ್ತು ದಾಟುವ ಮೊದಲೇ ರಾಜಮಾತೆ, ದಾಸಿ, ಮಾಟಗಾತಿ ಎಂದು ಎಲ್ಲ ಹಲ್ಲಿಲ್ಲದ ಪಾತ್ರಗಳೂ ಅವಳ ಪಾಲಿಗೆ ಬಂದು ಹೆಸರು ಹಾಗೆ ನಿಂತುಹೋಗಿತ್ತು. ಅಷ್ಟು ಚಿಕ್ಕ ವಯಸ್ಸಿಗೇ ಮುದುಕಮ್ಮ ಆದವಳಿಗೆ ನಿಜವಾದ ಮುಪ್ಪು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಅವಳ ಮೊಣಕಾಲಿನ ಹೊರತು.

ಮಂಡಳಿಯ ಯಜಮಾನರು ಅವಳ ಅಕ್ಕನ ಗಂಡ. ಎಲ್ಲರೂ ಅವರನ್ನು ದೊರೆ ಎನ್ನುತ್ತಿದ್ದರು, ಅವಳು ಮಾತ್ರ ಭಾವ ಎನ್ನುತ್ತಿದ್ದಳು. ದೊರೆ ಎಂಬ ಹೆಸರು ಬಂದದ್ದು ಒಂದೇ ಪಾತ್ರದಿಂದ, ಆ ಪಾತ್ರದ ಒಂದೇ ಒಂದು ಸಾವಿನಿಂದ. ಯುದ್ಧದಲ್ಲಿ ಸೋತ ದೊರೆ ಒಬ್ಬನೇ ನೆಲದ ಮೇಲೆ ಬಿದ್ದಿದ್ದಾನೆ. ಬಿಲ್ಲು ಮುರಿದಿದೆ. ಆದರೂ ಅವನ ಕೈ ಗಾಳಿಯಲ್ಲಿ ಬಿಲ್ಲಿಗೆ ಹೆದೆ ಏರಿಸಲು ನೋಡುತ್ತದೆ. ಒಂದು ಸಲ ತಪ್ಪುತ್ತದೆ. ಬೆರಳನ್ನು ತುಟಿಗೆ ತಂದು ಒದ್ದೆ ಮಾಡಿಕೊಳ್ಳುತ್ತಾನೆ. ಮತ್ತೆ ನೋಡುತ್ತಾನೆ. ಕೊನೆಗೆ ಹೆದೆ ಕೂತ ಹಾಗೆ ಮುಖದ ಮೇಲೆ ಒಂದು ಸಣ್ಣ ನಗು ಬರುತ್ತದೆ, ಕೈ ಎದೆಯ ಮೇಲೆ ಬೀಳುತ್ತದೆ. ಆ ಬೆರಳು ತುಟಿಗೆ ಹೋಗುವ ಗಳಿಗೆಗೆ ಜನ ಉಸಿರು ಹಿಡಿದು ಕೂರುತ್ತಿದ್ದರು. ದೊರೆ ತನ್ನ ಆಯುಷ್ಯಕ್ಕೆ ಮುತ್ತಿಟ್ಟು ಬೀಳ್ಕೊಡುತ್ತಾನೆ ಎಂದು ಯಾರೋ ಬರೆದರು. ಉಳಿದವರು ಅದನ್ನೇ ನೋಡಿಕೊಂಡು ಬರೆದರು.

ಬಿಲ್ಲಿಗೆ ಹೆದೆ ಕಟ್ಟುವವನು ಬೆರಳು ಒದ್ದೆ ಮಾಡಿಕೊಳ್ಳುವುದಿಲ್ಲ. ಸೂಜಿಗೆ ದಾರ ಪೋಣಿಸುವವರು ಮಾಡಿಕೊಳ್ಳುತ್ತಾರೆ.

ಮುದುಕಮ್ಮನ ತಾಯಿ ಮಂಡಳಿಯ ದರ್ಜಿ. ರಾಜರ ನಿಲುವಂಗಿ, ಭಿಕ್ಷುಕರ ಹರಕು, ದೇವತೆಗಳ ರೆಕ್ಕೆ, ಎಲ್ಲವೂ ಆಕೆಯ ಕೈಯಿಂದ ಬಂದವು. ಉಡುಪಿನ ಕೋಣೆಯ ಹಿಂದೆ ಒಂದೇ ಕಿಟಕಿಯ ಸಣ್ಣ ಕೋಣೆಯಿತ್ತು. ಹೊಲಿಗೆ ಯಂತ್ರದ ಪಕ್ಕದಲ್ಲೇ ಮಂಚ. ಕಾಯಿಲೆ ಹಿಡಿದ ಮೇಲೆ ಆಕೆ ಮಲಗಿದ್ದು ಅಲ್ಲೇ, ಹೋದದ್ದೂ ಅಲ್ಲೇ. ಹೋಗುವ ಮಧ್ಯಾಹ್ನ ಮಗಳು ಒಬ್ಬಳೇ ಹತ್ತಿರ ಕೂತಿದ್ದಳು. ಮಾತು ನಿಂತುಹೋಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಎಡಗೈಯ ಎರಡು ಬೆರಳು ಇಲ್ಲದ ಸೂಜಿಯನ್ನು ಹಿಡಿದಿದ್ದವು. ಬಲಗೈ ಇಲ್ಲದ ದಾರವನ್ನು ತಂದಿತು. ತಪ್ಪಿತು. ಬೆರಳು ತುಟಿಗೆ ಹೋಯಿತು, ದಾರದ ತುದಿ ಒದ್ದೆಯಾಯಿತು, ಮತ್ತೆ ಬಂತು. ಕೊನೆಗೆ ಪೋಣಿಸಿಕೊಂಡಿತೇನೋ, ಮುಖ ಸಡಿಲವಾಗಿ ಒಂದು ನಗು ಬಂತು. ಆಮೇಲೆ ಏನೂ ಇರಲಿಲ್ಲ.

ಮುಂದಿನ ನಾಟಕದಲ್ಲಿ ರಾಜಮಾತೆ ಸಾಯುವ ದೃಶ್ಯವಿತ್ತು. ಮುದುಕಮ್ಮ ಅಭ್ಯಾಸದಲ್ಲಿ ಅದನ್ನು ಸುಮ್ಮನೆ ಕಣ್ಣು ಮುಚ್ಚಿ ಮುಗಿಸಿದಳು. ಮೊದಲ ಪ್ರದರ್ಶನದ ದಿನ ಮಾತ್ರ, ಯಾರಿಗೂ ಹೇಳದೆ, ತಾಯಿಯ ಸಾವನ್ನು ತೆಗೆದು ರಂಗದ ಮೇಲೆ ಇಟ್ಟಳು. ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. ಇದು ನಿನಗಮ್ಮಾ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಭಾವ ರಾಜಮಾತೆಯ ಸಾವನ್ನು ನಾಟಕದಿಂದ ತೆಗೆದುಹಾಕಿದರು. ಕಥೆ ಅಲ್ಲಿ ಕಾಲೆಳೆಯುತ್ತದೆ, ಆಕೆ ತೀರಿಕೊಂಡ ಸುದ್ದಿಯನ್ನು ದೂತ ಬಂದು ಹೇಳಿದರೆ ಸಾಕು ಎಂದರು. ಅದೇ ವಾರ ದೊರೆಯ ಕೈ ಗಾಳಿಯಲ್ಲಿ ಹೆದೆ ಏರಿಸತೊಡಗಿತು. ಅವಳು ಬಣ್ಣದ ಕೋಣೆಗೆ ನುಗ್ಗಿ ಇದು ನನ್ನ ಅಮ್ಮನದು ಎಂದಾಗ ಅವರು ಕನ್ನಡಿಯಿಂದ ಮುಖ ತಿರುಗಿಸದೆ ನಕ್ಕರು. "ಸಾಯೋದು ನನ್ನ ಕೆಲಸ. ನಿನಗೂ ಒಂದು ಕೆಲಸ ಕೊಡ್ತೀನಿ. ಇವತ್ತಿಂದ ನೀನೇ ನನ್ನ ಕರಿ" ಎಂದರು.

ಅವರ ತೊಟ್ಟಿಲ ಹೆಸರು ಗೊತ್ತಿದ್ದದ್ದು ಆ ಮನೆಯ ಹೆಂಗಸರಿಗೆ ಮಾತ್ರ. ಅವರ ತಾಯಿ ಅಡುಗೆಮನೆಯಿಂದ ಹಾಗೆ ಕೂಗುವುದನ್ನು ಅಕ್ಕತಂಗಿ ಇಬ್ಬರೂ ಕೇಳಿದ್ದರು. ಅದೊಂದು ಮೊದ್ದು ಹೆಸರು. ಇಷ್ಟು ದೊಡ್ಡ ನಟನಿಗೆ ಅದನ್ನು ಅಂಟಿಸಿದರೆ ಕೇಳಿದವರು ನಕ್ಕಾರು. ಅದನ್ನು ಇಲ್ಲಿ ಹೇಳುವ ಹಾಗಿಲ್ಲ. ಆಡುವ ಹಕ್ಕು ಒಬ್ಬಳಿಗೇ ಇದ್ದದ್ದು.

ಅಂದು ಊಟಕ್ಕೆ ಕೂತಾಗ ಅಕ್ಕ ಅವಳ ಕೈ ಹಿಡಿದುಕೊಂಡಳು. ನಾನಿರುವ ತನಕ ಬಾಯಿ ಬಿಡಬೇಡ, ಈ ಮನೆ ಒಡೆಯಬೇಡ ಎಂದಳು. ತಂಗಿ ಮಾತು ಕೊಟ್ಟಳು.

ಕೊಟ್ಟ ಮಾತನ್ನು ಉಳಿಸಿಕೊಂಡಳು. ಪ್ರದರ್ಶನ ಮುಗಿದಾಗಲೆಲ್ಲ ಪರದೆಯ ಹಿಂದೆ ಕೂತು ಅವರ ಕಿವಿಯಲ್ಲೇ ಮೂರು ಸಲ ಕರೆದಳು, ಮೂರನೆಯದು ಮುಗಿಯುತ್ತಲೇ ಎಡಗೈ ನೀಡಿದಳು, ಆ ಕೈ ಹಿಡಿದು ಅವರು ಎದ್ದರು. ಒಂದು ದಿನವೂ ತಡಮಾಡಲಿಲ್ಲ. ತಾಳಿದವನು ಬಾಳಿಯಾನು ಎನ್ನುತ್ತಾರೆ. ತಾಳುವವರ ಹೊಟ್ಟೆಯಲ್ಲಿ ಏನು ಕಾಯುತ್ತಿರುತ್ತದೆ ಎಂದು ಗಾದೆ ಹೇಳುವುದಿಲ್ಲ. ಬೆಳಿಗ್ಗೆ ದೇವರ ಮುಂದೆ ಕೈ ಮುಗಿದಾಗ ಅವಳ ಬೇಡಿಕೆ ಒಂದೇ: ಭಾವನಿಗೆ ಆಯುಷ್ಯ ಕೊಡು, ನನಗೆ ಮುಂಚೆ ಅವರನ್ನು ಕರೆದುಕೊಳ್ಳಬೇಡ. ಎಂಥ ಒಳ್ಳೆಯ ನಾದಿನಿ ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು. ಹಗೆಗಾಗಿ ಹಗೆಯವನ ಆಯುಷ್ಯ ಬೇಡುವವರೂ ಇರುತ್ತಾರೆ ಎಂದು ದೇವರಿಗೆ ಗೊತ್ತಿತ್ತು. ಅವನು ಏನೂ ಅನ್ನಲಿಲ್ಲ, ಕೊಟ್ಟ.

ಹೀಗೆ ಕಾಲ ಸರಿದು ದೊರೆಯ ಶ್ವಾಸಕೋಶ ಕೆಟ್ಟಿತು, ವೈದ್ಯರು ರಂಗ ಬಿಡಿಸಿದರು. ಹೋದ ವರ್ಷ ಅಕ್ಕ ತೀರಿಕೊಂಡಳು. ಅಕ್ಕನ ಜೊತೆ ಕೊಟ್ಟ ಮಾತೂ ಹೋಯಿತು. ಮುದುಕಮ್ಮ ತನ್ನ ಪೆಟ್ಟಿಗೆ ಎತ್ತಿಕೊಂಡು ಬ್ರೆಡ್ ಅಂಗಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಳು. ಬೆಳಗಾಗುವ ಮೊದಲೇ ಕೆಳಗಿನ ಒಲೆ ಹೊತ್ತುತ್ತಿತ್ತು. ಕೋಣೆಯ ನೆಲ ಬೆಚ್ಚಗೆ ಇರುತ್ತಿತ್ತು. ಮೊಣಕಾಲಿಗೆ ಅದು ಹಿತ. ಹೊಟ್ಟೆಯೊಳಗಿನ ಕೆಂಡಕ್ಕೂ ಅದೇ ಹವೆ ಒಗ್ಗಿತು.

ಅಲ್ಲಿಗೆ ಒಂದು ದಿನ ಅಕ್ಕನ ಮೊಮ್ಮಗಳು ಮೆಟ್ಟಿಲು ಹತ್ತಿ ಬಂದಳು. ಅವಳು ಸಿನಿಮಾ ಓದಿದ ಹುಡುಗಿ. ತಾತನ ಮೇಲೆ ಒಂದು ಕಿರುಚಿತ್ರ ಮಾಡುತ್ತಿದ್ದಳು. ಸಾವನ್ನು ಆಡಿ ಆಡಿ ಹೆಸರಾದವನು ಈಗ ನಿಜವಾದದ್ದನ್ನು ಎದುರು ನೋಡುತ್ತಿದ್ದಾನೆ, ಅವನು ಹೋದರೆ ಉಳಿಯುವುದೇನು, ಅದೇ ಚಿತ್ರ ಎಂದಳು. ತಾತ ಕ್ಯಾಮೆರಾ ಮುಂದೆ ದೊರೆಯ ಸಾವನ್ನು ಕೊನೆಯ ಸಲ ಆಡಿ ತೋರಿಸಲು ಒಪ್ಪಿದ್ದಾರೆ. ಆದರೆ ಒಂದು ಹಟ, ಚಿಕ್ಕಜ್ಜಿ ಬಂದು ಕರೆಯುವುದಾದರೆ ಮಾತ್ರ ನೆಲಕ್ಕೆ ಬೀಳುತ್ತಾರಂತೆ. ಆ ಕರೆಯೂ ಚಿತ್ರದಲ್ಲಿ ಬಂದರೆ ಎಷ್ಟು ಚೆಂದ ಎನ್ನುವಾಗ ಅವಳ ಕಣ್ಣು ಹೊಳೆಯಿತು.

"ಅವರೇ ಕೇಳಿದ್ರಾ?" ಎಂದಳು ಮುದುಕಮ್ಮ.

"ಅವಳಿಲ್ದೆ ಸಾಯಲ್ಲ ಅಂದ್ರು ಚಿಕ್ಕಜ್ಜಿ."

"ಹಾಗಾದ್ರೆ ಬರ್ಲೇಬೇಕು" ಎಂದು ಮುದುಕಮ್ಮ ಟೀಗೆ ನೀರಿಟ್ಟಳು.

ಚಿತ್ರೀಕರಣ ನಡೆದದ್ದು ಮಂಡಳಿಯ ಹಳೆಯ ಅಭ್ಯಾಸದ ಕೋಣೆಯಲ್ಲಿ. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ಒಂದು ಮೂಲೆಯಿಂದ ಒಂದೇ ದೀಪ. ಕ್ಯಾಮೆರಾದವನಿಗೆ ನೆಗಡಿ, ಸೀನು ಬಂದಾಗಲೆಲ್ಲ ಮೂಗು ಹಿಂಡಿಕೊಂಡು ತಡೆಯುತ್ತಿದ್ದ. ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡ ಇನ್ನೊಬ್ಬ ಮೀನು ಹಿಡಿಯುವವನ ಹಾಗೆ ನಿಂತಿದ್ದ. ದೊರೆಯನ್ನು ಗಾಲಿಕುರ್ಚಿಯಲ್ಲಿ ತಂದರು. ಮೈ ಅರ್ಧಕ್ಕೆ ಇಳಿದಿತ್ತು, ಕೆನ್ನೆ ಒಳಗೆ ಹೋಗಿತ್ತು. ನಿಲುವಂಗಿ ಮಾತ್ರ ಅದೇ. ಅದರ ಅಂಚಿನ ಹೊಲಿಗೆಯನ್ನು ಮುದುಕಮ್ಮ ದೂರದಿಂದಲೇ ಗುರುತು ಹಿಡಿದಳು. ಅಮ್ಮನ ಹೊಲಿಗೆ ಅಮ್ಮನಿಗಿಂತ ಗಟ್ಟಿ.

ಭಾವ ಅವಳನ್ನು ಕಂಡು, ಬಂದೆಯಾ, ನನ್ನನ್ನು ಎಬ್ಬಿಸಿ ಎಬ್ಬಿಸಿ ನಿನಗೆ ಸುಸ್ತಾಗಲಿಲ್ಲವಾ ಎಂದು ತಮಾಷೆ ಮಾಡಿದರು. ಇವತ್ತು ಕೊನೆಯದಲ್ಲವೇ ಭಾವ ಎಂದು ಅವಳೂ ನಕ್ಕಳು. ತಲೆದಿಂಬು ಬೇಡ, ದೊರೆಗೆ ತಲೆದಿಂಬು ಎಲ್ಲಿಯದು ಎಂದು ಅವರು ಬರಿಯ ನೆಲಕ್ಕೆ ಇಳಿದರು. ಇಬ್ಬರು ಹಿಡಿದು ಇಳಿಸಬೇಕಾಯಿತು. ಕ್ಯಾಮೆರಾ ಓಡತೊಡಗಿತು.

ಸುಳ್ಳು ಹೇಳಬಾರದು: ಅಂಥ ಸಾವನ್ನು ಅವರು ಹಿಂದೆಂದೂ ಸತ್ತಿರಲಿಲ್ಲ. ಉಸಿರಿಗಾಗಿ ಪರದಾಡುವುದನ್ನು ನಟಿಸಬೇಕಾಗಿರಲಿಲ್ಲ. ಕೈ ಗಾಳಿಗೆ ಏರಿದಾಗ ಅದರ ನಡುಕ ಸ್ವಂತದ್ದಾಗಿತ್ತು. ಹೆದೆ ತಪ್ಪಿತು. ಬೆರಳು ತುಟಿಗೆ ಹೋಯಿತು, ಒದ್ದೆಯಾಯಿತು, ಮತ್ತೆ ಬಂತು. ಮೊಮ್ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗು ಬಂತು. ಕೈ ಎದೆಯ ಮೇಲೆ ಬಿತ್ತು. ದೊರೆ ತೀರಿಕೊಂಡರು.

ಈಗ ಕರೆಯಬೇಕು. ಮೊಮ್ಮಗಳು ಸನ್ನೆ ಮಾಡಿದಳು. ಮುದುಕಮ್ಮ ದೀಪದ ವೃತ್ತದೊಳಗೆ ಬಂದು ತಲೆಯ ಹತ್ತಿರ ಕೂತಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು, ಕರೆಯಲಿಲ್ಲ.

"ಭಾವ" ಎಂದಳು. ಅದು ಕರೆಯಲ್ಲ, ಬರಿಯ ಮಾತು. "ಒಂದು ಕೇಳ್ತೀನಿ. ಹೇಳಿದ್ರೆ ಕರೀತೀನಿ. ದೊರೆ ಬಿಲ್ಲಿಗೆ ಹೆದೆ ಕಟ್ತಾನೆ, ಸರಿ. ನಡುವೆ ಬೆರಳನ್ನ ಬಾಯಿಗೆ ತಗೊಂಡು ಒದ್ದೆ ಮಾಡ್ಕೋತಾನಲ್ಲ, ಅದು ಯಾಕೆ?"

ದೊರೆಯ ರೆಪ್ಪೆ ಅಲುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ.

ಮೊಮ್ಮಗಳು ಮೆಲ್ಲಗೆ, ಚಿಕ್ಕಜ್ಜಿ ಕರೀರಿ, ನೆಲ ತಣ್ಣಗಿದೆ ಎಂದಳು.

"ಸತ್ತೋರಿಗೆ ಚಳಿ ಎಲ್ಲಿಂದ ಬರ್ಬೇಕು ಮಗಾ. ನಿಮ್ಮ ತಾತ ಚೆನ್ನಾಗಿ ಸತ್ತಿದಾರೆ, ಕೆಡಿಸ್ಬೇಡ."

ಹುಡುಗಿ ತಾನೇ ಬಗ್ಗಿ ತಾತಾ ಏಳಿ ಎಂದಳು. ಅವರು ಏಳಲಿಲ್ಲ. ತಾತ ಎಂಬುದು ಅವರ ತಾಯಿ ಕರೆದ ಹೆಸರಲ್ಲ. ಆ ಹೆಸರು ತಿಳಿದಿದ್ದ ಜೀವ ಇನ್ನು ಒಂದೇ ಉಳಿದಿತ್ತು. ಆ ಜೀವ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿತ್ತು. ಕ್ಯಾಮೆರಾದವನು ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದ. ಮೊಮ್ಮಗಳು ಅಂಗೈ ಎತ್ತಿದಳು: ಬೇಡ, ಓಡಲಿ. ಮುದುಕಮ್ಮ ಅದನ್ನು ನೋಡಿದಳು. ಅದೇ ರಕ್ತ ಎಂದುಕೊಂಡಳು. ಒಳ್ಳೆಯದೇನಾದರೂ ಕಂಡರೆ ಕೈ ಬಿಡುವ ಮನೆತನವಲ್ಲ.

ರಂಗದ ಮೇಲೆ ಸತ್ತು ಬಿದ್ದ ನಟರಿಗೆ ತುಟಿ ಅಲುಗಿಸದೆ ಮಾತಾಡುವ ವಿದ್ಯೆ ಗೊತ್ತಿರುತ್ತದೆ. ಬೇಗ ಕರಿ, ಬೆನ್ನು ಹಿಡಿದಿದೆ ಎಂದು ಭಾವ ಎಷ್ಟೋ ಸಲ ಹಾಗೆ ಹೇಳಿದ್ದರು. ಈಗಲೂ ಅದೇ ವಿದ್ಯೆಯಿಂದ, ಆ ಕ್ಯಾಮೆರಾ ನಿಲ್ಲಿಸಲು ಹೇಳು ಎಂದು ಗಂಟಲಲ್ಲೇ ಪಿಸುಗುಟ್ಟಿದರು.

"ಕೇಳಿಸ್ಲಿಲ್ಲ ಭಾವ. ಕೊನೇ ಸಾಲಿನೋರಿಗೂ ಕೇಳ್ಬೇಕು ಅಂತ ನಮಗೆಲ್ಲ ಹೇಳ್ಕೊಟ್ಟೋರು ನೀವೇ."

ಅವರು ತಾವಾಗಿ ಎದ್ದುಬಿಟ್ಟರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲವೇನೋ. ಆದರೆ ದಿನವೂ ಆಮ್ಲಜನಕ ಹಚ್ಚಿಸಿಕೊಳ್ಳುವ ಮನುಷ್ಯನಿಗೆ ಏಣಿಯಿಂದ ಬಿದ್ದ ಹಾಸ್ಯಗಾರನ ನೆನಪು ಬೇಗ ಬರುತ್ತದೆ. ಇತ್ತ ಬಾಯಿ ತೆರೆದರೆ, ಬಾಳಿನ ಅತಿ ದೊಡ್ಡ ಸಾವು ಕ್ಯಾಮೆರಾದ ಮುಂದೆ ಕೆಟ್ಟುಹೋಗುತ್ತದೆ. ಅವರು ಯಾವುದನ್ನು ಆರಿಸುತ್ತಾರೆ ಎಂದು ಮುದುಕಮ್ಮ ನೋಡುತ್ತ ಕೂತಳು. ಇಷ್ಟು ನಿಶ್ಚಿಂತೆಯಿಂದ ಅವಳು ಎಂದೂ ಕೂತಿರಲಿಲ್ಲ. ಪ್ರಾರ್ಥನೆಯಲ್ಲೂ ಅಷ್ಟು ನೆಮ್ಮದಿ ಸಿಕ್ಕಿರಲಿಲ್ಲ.

"ದಾರ" ಎಂದರು ಕೊನೆಗೆ, ತುಟಿ ತೆರೆದು, ಎಲ್ಲರಿಗೂ ಕೇಳುವ ಹಾಗೆ. ಕಣ್ಣು ಮುಚ್ಚಿಯೇ ಇತ್ತು. "ದಾರ ಒದ್ದೆ ಮಾಡೋಕೆ."

ಹಾಗಾದರೆ ಇವರಿಗೆ ಗೊತ್ತಿತ್ತು. ಇಷ್ಟು ವರ್ಷ ಅವಳ ಒಂದೇ ಸಮಾಧಾನ ಎಂದರೆ, ಅವರು ಅರ್ಥ ತಿಳಿಯದೆ ಕದ್ದಿದ್ದಾರೆ ಎಂಬುದು. ಎಂಜಲನ್ನೂ ಸೇರಿಸಿ ಕದ್ದ ದಡ್ಡ ಕಳ್ಳ ಎಂದು ಒಳಗೊಳಗೇ ನಕ್ಕು ಬದುಕಿದ್ದಳು.

"ಯಾರ ದಾರ?"

"ನಿಮ್ಮ ಅಮ್ಮಂದು. ನನ್ನ ಅತ್ತೆದು. ಅವರ ಸಾವು ಅದು. ಸಾಕಾ?"

"ನಿಮಗೆ ಯಾರು ಹೇಳಿದ್ರು?"

"ಹೇಳೋದೇನು. ಬಾಗಿಲಲ್ಲೇ ನಿಂತಿದ್ದೆ. ನೀನು ನನಗೆ ಬೆನ್ನು ಹಾಕಿ ಕೂತಿದ್ದೆ." ಉಸಿರು ಎಳೆದುಕೊಂಡರು. ಆಮೇಲಿನ ಮಾತು ನಿಧಾನವಾಗಿ, ಒಂದೊಂದೇ ಬಂತು. "ಇದನ್ನ ದೊರೆಗೆ ಹಾಕ್ಬೇಕು ಅಂತ ಅಲ್ಲೇ ಅಂದ್ಕೊಂಡೆ. ನೀನು ಮುಂಚೆ ಮಾಡ್ಬಿಟ್ಟೆ. ಹೊಟ್ಟೆ ಉರೀತು, ಕಿತ್ಕೊಂಡೆ. ಸರಿ, ನಾನು ಕಳ್ಳ. ಅಳಿಯ ಕದ್ದ. ಆದ್ರೆ ಹೆತ್ತೋಳ ಸಾವಿಗೆ ಮೊದಲು ಟಿಕೆಟ್ ಹರಿಸಿದ್ದು ನೀನು. ಅದಕ್ಕೆ ಏನಂತಾರೆ? ಅವತ್ತು ಅವರ ಬೆರಳು ಹುಡುಕ್ತಾ ಇತ್ತಲ್ಲ. ನೀನು ಯಾಕೆ ಹಿಡ್ಕೊಳ್ಳಿಲ್ಲ?"

ಅವಳು ಹಿಡಿದುಕೊಂಡಿರಲಿಲ್ಲ. ಮುಂದಕ್ಕೆ ಬಗ್ಗಿದ್ದಳು, ಅದು ನಿಜ. ಚೆನ್ನಾಗಿ ಕಾಣಲಿ ಎಂದು ಬಗ್ಗಿದ್ದಳು. ಹಿಡಿದಿದ್ದರೆ ಬೆರಳು ನಿಂತುಬಿಡುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಮುದುಕಮ್ಮ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಅವಳು ಕೇಳಿದ ಮಾತು ಸಿಕ್ಕಿತ್ತು, ಕ್ಯಾಮೆರಾದ ಮುಂದೆಯೇ ಸಿಕ್ಕಿತ್ತು. ಆದರೆ ಜೊತೆಗೆ ಇನ್ನೊಂದು ಬಂದು ಎದೆಯಲ್ಲಿ ಕೂತಿತು. ಅದನ್ನು ತಂದವನ ಮೇಲಿನ ಸಿಟ್ಟು ಮೊದಲಿನದಕ್ಕೆ ಸೇರಿ ಎರಡರಷ್ಟಾಯಿತು.

ಅವಳು ಬಗ್ಗಿ, ಮೈಕಿಗೂ ತಿಳಿಯದ ಹಾಗೆ, ಅವರ ಕಿವಿಯೊಳಗೆ ಆ ಮೊದ್ದು ಹೆಸರನ್ನು ಕರೆದಳು. ಮುಖದ ಗೆರೆಗಳು ಸ್ವಲ್ಪ ಸಡಿಲಿದವು. ಎರಡನೆಯ ಸಲ ಕರೆದಳು. ರೆಪ್ಪೆ ಅದುರಿತು, ಎದೆಯ ಮೇಲಿದ್ದ ಬೆರಳುಗಳು ಅವಳ ಎಡಗೈಗಾಗಿ ತೆರೆದುಕೊಂಡವು. ಅವಳು ಮೊಣಕಾಲಿಗೆ ಕೈ ಊರಿ ಎದ್ದು, ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ಹಿಂದಿನಿಂದ, ಇನ್ನೊಂದು, ಇನ್ನೊಂದು ಕರಿಯೇ, ಎಂದು ದೊರೆಯ ದನಿ ಬಂತು. ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು.

ಅವರನ್ನು ಆಮೇಲೆ ಇಬ್ಬರು ಹಿಡಿದು ಎಬ್ಬಿಸಿದರಂತೆ. ಎಬ್ಬಿಸಿದರು ಎಂದ ಮಾತ್ರಕ್ಕೆ ಎದ್ದ ಹಾಗಾಗುತ್ತದೆಯೇ? ಎರಡೇ ದಿನಕ್ಕೆ ಅವರನ್ನು ನೋಡಿಕೊಳ್ಳುವ ಹೆಂಗಸು ಫೋನ್ ಮಾಡಿದಳು. ಯಜಮಾನರು ಅಂಗಾತ ಮಲಗಲು ಒಪ್ಪುವುದಿಲ್ಲ, ಊಟಕ್ಕೆ ಕರೆದರೆ ನಾನಿನ್ನೂ ನೆಲದ ಮೇಲೇ ಇದ್ದೇನೆ ಎನ್ನುತ್ತಾರೆ, ಒಮ್ಮೆ ಬಂದು ಹೋಗಿ ಅಮ್ಮಾ ಎಂದಳು. ಬರುತ್ತೇನೆ ಎಂದು ಹೇಳಿ, ಎಂದಳು ಮುದುಕಮ್ಮ. ಇನ್ನೊಮ್ಮೆ ಭಾವ ತಾವೇ ಮಾತಾಡಿದರು. ಕ್ಷಮಿಸು ಎನ್ನಲಿಲ್ಲ, ಆ ಪದ ಅವರ ಯಾವ ಪಾತ್ರದಲ್ಲೂ ಇರಲಿಲ್ಲ. ಫೋನಿನಲ್ಲೇ ಕರೆದುಬಿಡು, ನಡೆಯುತ್ತದೆ ಎಂದರು. ತಲೆಯ ಹತ್ತಿರ ಕೂತೇ ಕರೆಯಬೇಕಲ್ಲವೇ ಭಾವ, ಕಟ್ಟಳೆ ಮುರಿದರೆ ಹೇಗೆ ಎಂದು ಅವಳು ನಯವಾಗಿ ಹೇಳಿದಳು. ಅಂದು ಬೆಳಿಗ್ಗೆ ದೇವರ ಮುಂದೆ ನಿಂತಾಗ ಬೇಡಲು ಏನೂ ತೋಚಿರಲಿಲ್ಲ. ಬೇಡಿಕೆಯ ಅಭ್ಯಾಸ ತಪ್ಪಿದ ಬಾಯಿ ಹಾಗೇ ತೆರೆದುಕೊಂಡಿತ್ತು. ಅಮ್ಮನ ಬೆರಳು ಮಾತ್ರ ಕಣ್ಣ ಮುಂದೆ ಬಂದು ಹೋಗಿತ್ತು, ಈ ಸಲ ಹುಡುಕುತ್ತಿದ್ದದ್ದು ದಾರವನ್ನಲ್ಲ. ಅದಕ್ಕೂ ಅವಳು ಭಾವನನ್ನೇ ಬೈದುಕೊಂಡಿದ್ದಳು.

ಕೆಲವು ವಾರ ಕಳೆದ ಮೇಲೆ ಮೊಮ್ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಚಿತ್ರದ ಜೋಡಣೆ ಹೆಚ್ಚು ಕಡಿಮೆ ಮುಗಿದಿತ್ತು. ಮಂಚದ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ನೋಡಿದರು. ದೊರೆಯ ಕೈ, ತುಟಿಗೆ ಹೋದ ಬೆರಳು, ಮುದುಕಿಯೊಬ್ಬಳ ಮಡಿಲು, ಪ್ರಶ್ನೆ, ದಾರ ಎಂಬ ಮಾತು, ಎಲ್ಲ ಇತ್ತು. ಯಾಕೆ ಹಿಡಿದುಕೊಳ್ಳಲಿಲ್ಲ ಎಂಬುದೂ ಇತ್ತು. ಆಗ ಪರದೆಯ ತುಂಬ ಅವಳದೇ ಮುಖ. ಮುಖ ಕಲ್ಲಿನ ಹಾಗಿತ್ತು. ಒಳ್ಳೆಯ ಅಭಿನಯ ಎಂದು ಯಾರಾದರೂ ಬರೆದಾರು. ಹೆಸರು ಕೇಳಿಸದ ಎರಡು ಕರೆ. ಚಪ್ಪಲಿಯ ಸದ್ದು. ಕತ್ತಲು.

ಕತ್ತಲಲ್ಲಿ ಅಕ್ಷರ ಬಂತು. ಈ ಸಾವು ಇವರದು ಎಂದು ಅಮ್ಮನ ಹೆಸರು, ಹೆಸರಿನ ಕೆಳಗೆ ದರ್ಜಿ ಎಂದು. ಒಂದು ಕರಪತ್ರದಲ್ಲೂ ಅಚ್ಚಾಗದ ಹೆಸರು ದೊರೆಯ ಹೆಸರಿಗಿಂತ ದೊಡ್ಡದಾಗಿ ನಿಂತಿತ್ತು. ಮುದುಕಮ್ಮನ ಕಣ್ಣು ತುಂಬಿತು. ತುಂಬಿದ ಕಣ್ಣು ಹಾಗೆಯೇ ಕೆಳಕ್ಕೆ ಇಳಿದು ಇನ್ನೊಂದು ಹೆಸರನ್ನು ಹುಡುಕಿತು. ಮೊದಲು ಆಡಿದವರು ಎಂದೋ, ರಂಗಕ್ಕೆ ತಂದವರು ಎಂದೋ ಎಲ್ಲಾದರೂ ಇರಬಹುದು. ಅಕ್ಷರಗಳು ಒಂದೊಂದಾಗಿ ಮೇಲೆ ಸರಿದವು. ಕ್ಯಾಮೆರಾದವನ ಹೆಸರು, ಮೈಕಿನವನ ಹೆಸರು, ದೀಪ ಬಾಡಿಗೆಗೆ ಕೊಟ್ಟವರ ಹೆಸರು. ಕೊನೆಗೆ ಬಂತು. ಕರೆದವರು ಎಂದು ಬರೆದು, ಮುಂದೆ ಅವಳ ಹೆಸರು.

"ನೀವು ಕೇಳಿದ ಹಾಗೇ ಮುತ್ತಜ್ಜಿ ಹೆಸರು ಹಾಕಿದೀನಿ ಚಿಕ್ಕಜ್ಜಿ" ಎಂದಳು ಹುಡುಗಿ.

ಹೌದು, ಕೇಳಿದ್ದು ಅದನ್ನೇ. ಅಮ್ಮನಿಗಾಗಿ ಎಂದು ಇಷ್ಟು ವರ್ಷ ಹೊತ್ತುಕೊಂಡದ್ದರ ಅಡಿಯಲ್ಲಿ ಇನ್ನೊಂದು ಗಂಟಿತ್ತು ಎಂದು ಯಾರಿಗೆ ಹೇಳುವುದು? ಚೆನ್ನಾಗಿದೆ ಮಗಾ ಎಂದಳು. ಅಕ್ಷರ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ, ನನ್ನಂಥವರು ಓದುವಷ್ಟರಲ್ಲಿ ಓಡಿಹೋಗುತ್ತದೆ ಎಂದಳು.

ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಅವಳ ಕೈ ಹಿಡಿದುಕೊಂಡಳು. ಅಕ್ಕ ಹಿಡಿದದ್ದೂ ಹೀಗೆಯೇ. "ತಾತ ತುಂಬ ಸೋತಿದಾರೆ. ನಿಮಗೆ ಬೇಕಾದದ್ದು ಸಿಕ್ತಲ್ಲ. ಈಗ ಬಂದು ಆ ಒಂದು ಕರೆ ಕರೆದುಬಿಡಿ."

"ನಾಳೆ ಬರ್ತೀನಿ."

"ಇವತ್ತೇ ಬನ್ನಿ. ಕಾರಿದೆ."

"ನಾಳೆ" ಎಂದಳು ಮುದುಕಮ್ಮ. ಕರೆದವರು ಎಂಬ ಪದ ಅವಳ ಕಣ್ಣ ಮುಂದಿನಿಂದ ಇನ್ನೂ ಸರಿದಿರಲಿಲ್ಲ. ಕರೆಯುವವಳಿಗೆ ಯಾವಾಗ ಕರೆಯಬೇಕು ಎಂದಾದರೂ ಗೊತ್ತಿರಬೇಕಲ್ಲ.

ಮರುದಿನ ಕೆಳಗಿನ ಅಂಗಡಿಯಲ್ಲಿ ಮೊದಲ ಬ್ರೆಡ್ ಹೊರಬರುವ ಹೊತ್ತಿಗೆ ಫೋನ್ ಬಂತು. ಬೆಳಕು ಹರಿಯುವ ಮುಂಚೆ ಹೋದರಂತೆ.

ಮುದುಕಮ್ಮ ಮುಖ ತೊಳೆದು, ತಲೆ ಬಾಚಿ, ದೇವರ ಮುಂದೆ ಒಂದು ಗಳಿಗೆ ನಿಂತು ಹೊರಟಳು. ಆ ಮನೆಯ ಮುಂದಿನ ಕೋಣೆಯಲ್ಲಿ ಅವರನ್ನು ಮಲಗಿಸಿದ್ದರು. ಕತ್ತಿನ ತನಕ ಬಿಳಿಯ ಬಟ್ಟೆ. ಬಂದವರು ಗೋಡೆಗೆ ಒರಗಿ ಕೂತಿದ್ದರು. ಹಳೆಯ ನಟರೇ ಹೆಚ್ಚು. ಅವಳನ್ನು ಕಂಡು ಜಾಗ ಬಿಟ್ಟರು. ಮೊಮ್ಮಗಳು ಎದ್ದು ಬಂದು ಅಪ್ಪಿಕೊಂಡಳು, ಅತ್ತಳು. ಹೇಗೆ ಹೋದರು ಎಂದು ಮುದುಕಮ್ಮ ಕೇಳಿದಳು. ಎಲ್ಲರೂ ಕೇಳುವ ಮಾತು ಅದು. ಆದರೆ ಅವಳು ಕೇಳಿದ ರೀತಿ ಬೇರೆ, ಹುಡುಗಿಗೆ ಅದು ಅರ್ಥವಾಯಿತು.

"ಕೈಯಲ್ಲಿ ಏನೂ ಮಾಡ್ಲಿಲ್ಲ" ಎಂದಳು. "ಹೆದೆ, ದಾರ, ಏನೂ ಇಲ್ಲ. ಹೀಗೆ ಇದ್ರು."

ಬಲಗೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಇಟ್ಟುಕೊಂಡಳು. ತಲೆಯನ್ನು ದಿಂಬಿನಿಂದ ಒಂದಿಷ್ಟೇ ಎತ್ತಿದ ಹಾಗೆ ಕತ್ತನ್ನು ಮುಂದೆ ತಂದಳು. ಪಕ್ಕದ ಕೋಣೆಯಿಂದ ಯಾರೋ ಅರ್ಧ ಹೆಸರು ಕರೆದು ನಿಲ್ಲಿಸಿದರೆ, ಉಳಿದರ್ಧಕ್ಕೆ ಕಾಯುವವರು ಹಾಗೆ ಮಾಡುತ್ತಾರೆ. ಅದೇ ಭಂಗಿಯಲ್ಲಿ ಉಸಿರು ನಿಂತಿತಂತೆ, ಆಮೇಲೆ ಕೈಯನ್ನು ಮನೆಯವರೇ ಇಳಿಸಬೇಕಾಯಿತಂತೆ. ಸರಿಯಾಗಿ ತೋರಿಸಲಿಲ್ಲ ಎನ್ನಿಸಿತೇನೋ, ಹುಡುಗಿ ಇನ್ನೊಮ್ಮೆ ತೋರಿಸಿದಳು. ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿತ್ತು. ಮಣಿಕಟ್ಟು ಅಷ್ಟು ಬಿಗಿ ಬೇಡ ಎಂದು ಹೇಳಲು ಮುದುಕಮ್ಮ ಬಾಯಿ ತೆರೆದವಳು ಗಕ್ಕನೆ ಮುಚ್ಚಿಕೊಂಡಳು.

ಇಡೀ ಬಾಳು ಇನ್ನೊಬ್ಬರ ಸಾವನ್ನು ಸತ್ತ ಮನುಷ್ಯ ಕೊನೆಗೆ ತನ್ನದೊಂದನ್ನು ಸತ್ತಿದ್ದ. ಯಾರಿಂದಲೂ ಕದ್ದದ್ದಲ್ಲ. ಎಂಥ ಸಾವು! ಇದನ್ನು ಆಡಿದರೆ ಸಭೆ ಉಸಿರು ಹಿಡಿದು ಕೂರುತ್ತದೆ. ಈ ಸಾವನ್ನು ಕಟ್ಟಿಕೊಟ್ಟದ್ದು ತಾನು. ಆ ಯೋಚನೆ ಬಂದಾಗ ಅವಳಿಗೆ ಒಳಗೆ ಬೆಚ್ಚಗಾಯಿತು. ದೇವರೇ, ಬೆಚ್ಚಗಾಯಿತು.

ಅವಳು ಹೋಗಿ ತಲೆಯ ಹತ್ತಿರ ಕೂತಳು. ಅವರ ಮುಖದಲ್ಲಿ ಬಣ್ಣವಿರಲಿಲ್ಲ. ಬಣ್ಣವಿಲ್ಲದೆ ಅವರು ಮಲಗಿದ್ದನ್ನು ಅವಳು ನೋಡಿರಲಿಲ್ಲ. ಗೋಡೆಯ ಹತ್ತಿರದ ಹಳೆಯ ನಟರು ಮಾತು ನಿಲ್ಲಿಸಿದರು. ಕಟ್ಟಳೆ ಅವರಿಗೂ ಗೊತ್ತಿತ್ತು.

ಕೊನೆಯ ಸಾಲಿನವರಿಗೂ ಕೇಳುವ ಹಾಗೆ, ತಾಯಿಯೊಬ್ಬಳು ಅಡುಗೆಮನೆಯಿಂದ ಕೂಗುವ ಧಾಟಿಯಲ್ಲಿ, ಮುದುಕಮ್ಮ ಆ ಮೊದ್ದು ಹೆಸರನ್ನು ಮೂರನೆಯ ಸಲ ಕರೆದಳು. ಯಾರೂ ನಗಲಿಲ್ಲ.

ಕರೆದು ಮುಗಿಯುತ್ತಲೇ, ಕೈಗೆ ಇನ್ನೇನು ಗೊತ್ತು, ಅವಳ ಎಡಗೈ ತಾನಾಗಿ ಮುಂದಕ್ಕೆ ಚಾಚಿಕೊಂಡಿತು. ಹಿಡಿದು ಏಳಲಿ ಎಂದು ಅಂಗೈ ತೆರೆದು ನಿಂತಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅವಳಿಗೆ ತಿಳಿಯಿತು, ತೆಗೆದುಕೊಳ್ಳಲು ಆಗಲಿಲ್ಲ. ಬೆರಳುಗಳು ಗಾಳಿಯಲ್ಲಿ ಹುಡುಕತೊಡಗಿದವು.

ತಲೆ ಎತ್ತಿದಾಗ ಎದುರಿಗೆ ಮೊಮ್ಮಗಳು ನಿಂತಿದ್ದಳು. ಅಳು ನಿಂತಿತ್ತು. ಸ್ವಲ್ಪ ಮುಂದಕ್ಕೆ ಬಗ್ಗಿ, ಆ ಕೈಯನ್ನೇ ನೋಡುತ್ತಿದ್ದಳು. ಹಿಡಿದುಕೊಳ್ಳಲಿಲ್ಲ.